ದಾರಿಹೋಕರಿಗೆಂದು ಬರೆದ ಚಿತ್ರಗಳು: ನಂದಲಾಲ್ ಬೋಸ್

ಗೆಳೆಯರೇ, ಮೊದಲು ನಮ್ಮದೇ ಒಂದು ಎಡವಟ್ಟಿನ ಕಥೆ ಹೇಳಿಬಿಡ್ತೀವಿ.

ಹೋದ ಸೆಮಿಸ್ಟರಿನಲ್ಲಿ ನಮ್ಮ ಸಂಘಕ್ಕೆ ಒಂದು ಕೆಲಸ ಬಂತು. ಕಾಲೇಜಿನಿಂದ ಸ್ವಲ್ಪ ದೂರದ ಊರೊಂದರಲ್ಲಿ ಬಿದಿರಿನ ಬುಟ್ಟಿ, ಮೊರ, ತಟ್ಟಿ ಹೆಣೆಯುವ ಕೆಲವು ಮನೆಗಳಿವೆ. ಅವರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡು, ವಾರದ ಸಂತೆಯನ್ನೇ ನೆಚ್ಚಿ ಕೂರದೆ ಬೇರೆ ಕಡೆಯೂ ಮಾರೋಣ ಅಂತ ಹೊರಟಿದ್ದಾರೆ. ಗುಂಪಿಗೊಂದು ಗುರುತು ಬೇಕಿತ್ತು. ಲೋಗೋ, ಬುಟ್ಟಿಗೆ ಕಟ್ಟುವ ಚೀಟಿ, ಮಳಿಗೆ ಮುಂದೆ ಹಾಕುವ ಬ್ಯಾನರ್. ಇಷ್ಟೇ ತಾನೇ ಅಂದುಕೊಂಡು ನಾವು ಒಂದೇ ರಾತ್ರಿಯಲ್ಲಿ, ಹಾಸ್ಟೆಲ್ ರೂಮಿನಲ್ಲೇ ಕೂತು, ಸಿದ್ಧ ಟೆಂಪ್ಲೇಟ್ ಒಂದನ್ನು ಎಳೆದು ತಂದು ಕೆಲಸ ಮುಗಿಸಿದೆವು. ಹಸಿರು ಎಲೆ, ಸುತ್ತ ಬಂಗಾರದ ಬಣ್ಣದ ವೃತ್ತ, ಕೆಳಗೆ ಬಳುಕುವ ಅಕ್ಷರ. ಪ್ರಿಂಟ್ ತೆಗೆಸಿಕೊಂಡು ಹೋಗಿ ತೋರಿಸಿದಾಗ ಗುಂಪಿನ ಹಿರಿಯಮ್ಮ ಒಬ್ಬರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಚೆನ್ನಾಗೇನೋ ಇದೆ, ಆದರೆ ಇದು ಸೋಪಿಗೆ ಮಾಡಿದ್ದಾ ಅಂತ ಕೇಳಿಬಿಟ್ಟರು.

ಅಲ್ಲಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತ್ರ ಯಾರೂ ಮಾತಾಡಲಿಲ್ಲ. ಅವರು ಬುಟ್ಟಿ ಹೆಣೆಯುವುದನ್ನು ನಮ್ಮಲ್ಲಿ ಒಬ್ಬರೂ ಹತ್ತು ನಿಮಿಷ ಕೂತು ನೋಡಿರಲಿಲ್ಲ. ನೋಡದೇ ಗುರುತು ಬರೆದಿದ್ದೆವು.

ಆ ಬೇಜಾರಿನಲ್ಲೇ ಲೈಬ್ರರಿಯಲ್ಲಿ ಹುಡುಕಾಡುವಾಗ ಸಿಕ್ಕವರು ನಂದಲಾಲ್ ಬೋಸ್. ಕ್ವಿಜ್ ಆಡುವವರಿಗೆ ಈ ಹೆಸರು ಗೊತ್ತಿರುತ್ತೆ: ಭಾರತದ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಅಲಂಕರಿಸಿದವರು ಯಾರು ಅಂದರೆ ಇವರ ಹೆಸರೇ ಉತ್ತರ. ಒಂದು ಅಂಕಕ್ಕೆ ಅಷ್ಟು ಸಾಕು. ಆದರೆ ಸಂವಿಧಾನಕ್ಕೆ 12 ವರ್ಷ ಮೊದಲು, ಗುಜರಾತಿನ ಒಂದು ಹಳ್ಳಿಯಲ್ಲಿ ಇವರು ಮಾಡಿದ ಕೆಲಸವೊಂದಿದೆ. ನಾವು ಎಲ್ಲಿ ಎಡವಿದೆವು ಅನ್ನುವುದು ನಮಗೆ ಅರ್ಥವಾದದ್ದು ಅದನ್ನು ಓದಿದ ಮೇಲೆ. ಅದಕ್ಕೇ ಈ ಸಲ ಅವರ ಬದುಕಿನ ಕಥೆ.

ಬ್ಯಾಕ್‌ಲಾಗ್ ಹುಡುಗ

ನಂದಲಾಲ್ ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಈಗ ಬಿಹಾರದಲ್ಲಿರುವ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಮನೆಯವರು ಬಂಗಾಳಿಗಳು. ತಂದೆ ಪೂರ್ಣಚಂದ್ರ ಬೋಸ್ ದರ್ಭಾಂಗಾ ಸಂಸ್ಥಾನದ ಕೆಲಸದಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಯವರ ಕೈ ಬಲು ಚುರುಕು. ಮಗನಿಗೆ ತಾವೇ ಬೊಂಬೆ, ಆಟಿಕೆ ಮಾಡಿಕೊಡುತ್ತಿದ್ದರು. ಊರಿನಲ್ಲಿ ಹಬ್ಬ ಬಂದರೆ ಮಣ್ಣಿನ ಮೂರ್ತಿ ಮಾಡುವ ಕುಂಬಾರರ ಹತ್ತಿರ ಹೋಗಿ ಹುಡುಗ ಕೂತುಬಿಡುತ್ತಿದ್ದ. ಆಮೇಲೆ ದೊಡ್ಡ ದೊಡ್ಡ ಗುರುಗಳು ಸಿಕ್ಕರು ನಿಜ. ಆದರೆ ಮೊದಲ ಪಾಠ ಆಗಿದ್ದು ಇಲ್ಲೇ, ಮನೆಯ ಜಗುಲಿಯಲ್ಲಿ ಮತ್ತು ಕುಂಬಾರರ ಕೇರಿಯಲ್ಲಿ.

ಹೆಚ್ಚಿನ ಓದಿಗೆ ಅಂತ ಹದಿಹರೆಯದಲ್ಲಿ ಕಲ್ಕತ್ತೆಗೆ ಕಳಿಸಿದರು. ಶಾಲೆ ಹೇಗೋ ಮುಗಿಯಿತು, ಕಾಲೇಜು ಮುಗಿಯಲಿಲ್ಲ. ಎಫ್.ಎ. ಪರೀಕ್ಷೆಯಲ್ಲಿ ನಪಾಸು. ಕಾಲೇಜು ಬದಲಾಯಿಸಿದರು, ಮತ್ತೂ ನಪಾಸು. ಕಾಮರ್ಸ್ ಆದರೂ ಓದಲಿ ಅಂತ ಮನೆಯವರು ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿಸಿದರು. ಅದೂ ಹತ್ತಲಿಲ್ಲ. ಅಷ್ಟರಲ್ಲಿ 1903ರಲ್ಲಿ ಸುಧೀರಾ ದೇವಿಯವರ ಜೊತೆ ಮದುವೆಯೂ ಆಗಿತ್ತು. ಸಂಸಾರಸ್ಥ, ಕೈಯಲ್ಲಿ ಡಿಗ್ರಿ ಇಲ್ಲ, ಸಂಬಳ ಇಲ್ಲ. ಬ್ಯಾಕ್‌ಲಾಗ್ ಇಟ್ಟುಕೊಂಡು ಊರಿಗೆ ಹೋಗಿ ಅಪ್ಪನ ಮುಂದೆ ನಿಲ್ಲುವ ಕಷ್ಟ ನಮ್ಮಲ್ಲಿ ಕೆಲವರಿಗೆ ಗೊತ್ತೇ ಇದೆಯಲ್ಲ, ಇದು ಅದಕ್ಕಿಂತ ಒಂದು ಕೈ ಹೆಚ್ಚು.

ಕೊನೆಗೆ ಮನೆಯವರನ್ನು ಒಪ್ಪಿಸಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಆಗ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಇ. ಬಿ. ಹ್ಯಾವೆಲ್. ಪಾಠ ಹೇಳುತ್ತಿದ್ದವರು ಅವನೀಂದ್ರನಾಥ ಟಾಗೋರ್. ಕಲೆ ಅಂದರೆ ಯುರೋಪಿನ ತೈಲವರ್ಣವೇ ಎಂದು ನಂಬಿದ್ದ ಕಾಲದಲ್ಲಿ, ನಮ್ಮ ಅಜಂತಾ, ಮೊಘಲ್, ರಜಪೂತ ಚಿತ್ರಗಳನ್ನು ನೋಡಿ ಅಂತ ಹುಡುಗರ ಕಣ್ಣು ತಿರುಗಿಸಿದವರು ಇವರಿಬ್ಬರು. ನಂದಲಾಲರ ಶಿವ-ಸತಿ ಚಿತ್ರಕ್ಕೆ 500 ರೂಪಾಯಿ ಬಹುಮಾನ ಬಂತು. ಆ ಕಾಲಕ್ಕೆ ಅದು ದೊಡ್ಡ ಗಂಟು. ಅವರು ಆ ದುಡ್ಡಿನಲ್ಲಿ ದೇಶ ಸುತ್ತಿದರು. ದೇವಸ್ಥಾನ, ಶಿಲ್ಪ, ಊರು, ಜನ, ಎಲ್ಲವನ್ನೂ ನೋಡುತ್ತಾ, ಬರೆದುಕೊಳ್ಳುತ್ತಾ ಹೋದರು. ಅದಾದ ಮೇಲೆ ಇಂಗ್ಲೆಂಡಿನ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಗೋಡೆಚಿತ್ರಗಳನ್ನು ನಕಲು ಮಾಡಿಸಲು ಬಂದಾಗ ಆ ತಂಡದಲ್ಲೂ ಇದ್ದರು. ಅರೆಗತ್ತಲ ಗುಹೆಯೊಳಗೆ ದಿನಗಟ್ಟಲೆ ಕೂತು ಸಾವಿರಾರು ವರ್ಷ ಹಳೆಯ ಗೆರೆಯನ್ನು ತಮ್ಮ ಕೈಗೆ ಇಳಿಸಿಕೊಂಡರು.

ಇಲ್ಲಿ ನಮ್ಮ ಕಡೆಯ ಒಂದು ನಂಟೂ ಇದೆ. ಅವನೀಂದ್ರನಾಥರ ಶಿಷ್ಯರ ಸಾಲಿನಲ್ಲಿ ಮೈಸೂರು ಸಂಸ್ಥಾನದಿಂದ ಹೋದ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದು 1913ರಲ್ಲಿ ಹೊರಬಂದ ಹಿಂದೂ ಮತ್ತು ಬೌದ್ಧ ಪುರಾಣಗಳ ಇಂಗ್ಲಿಷ್ ಪುಸ್ತಕದಲ್ಲಿ ಇಬ್ಬರ ಚಿತ್ರಗಳೂ ಅಕ್ಕಪಕ್ಕ ಇವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ ಇದೇ ವೆಂಕಟಪ್ಪನವರ ಹೆಸರಿನದು.

ಶಾಂತಿನಿಕೇತನದ ಮೇಷ್ಟ್ರು

1919ರಲ್ಲಿ ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ ಕಲಾಭವನ ಶುರು ಮಾಡಿದರು. ಅದಕ್ಕೆ ನಂದಲಾಲರೇ ಬೇಕು ಅಂತ ಅವರ ಆಸೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥರಿಗೆ ಮೆಚ್ಚಿನ ಶಿಷ್ಯನನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಒಂದು ಕಡೆ ಗುರು, ಇನ್ನೊಂದು ಕಡೆ ಗುರುವಿಗೆ ಚಿಕ್ಕಪ್ಪನ ವರಸೆಯ ಕವಿ. ಕೆಲವು ಕಾಲ ಅಲ್ಲೂ ಇಲ್ಲೂ ಓಡಾಡಿದ ನಂದಲಾಲರು ಕೊನೆಗೆ ಶಾಂತಿನಿಕೇತನದಲ್ಲಿ ನೆಲೆ ನಿಂತರು. 1922ರಲ್ಲಿ ಕಲಾಭವನದ ಮುಖ್ಯಸ್ಥರಾದರು. 1951ರವರೆಗೂ ಅಲ್ಲೇ. ಅಲ್ಲಿನವರಿಗೆ ಅವರು ಮಾಸ್ಟರ್ ಮೊಶಾಯ್, ನಮ್ಮ ಮಾತಲ್ಲಿ ಹೇಳುವುದಾದರೆ ಮೇಷ್ಟ್ರು.

ಆ ಕಲಾಭವನದ ಪಾಠ ಹೇಗಿತ್ತು ಅನ್ನುವುದು ನಮ್ಮ ಕಥೆಗೆ ಬಹಳ ಮುಖ್ಯ. ಚಿತ್ರ ಬರೆದು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವುದು ಅಲ್ಲಿ ಕಲಿಕೆಯ ಒಂದು ಭಾಗ ಮಾತ್ರ. ನಾಟಕ ಆಡುತ್ತಾರೆ ಅಂದರೆ ರಂಗಸಜ್ಜಿಕೆ, ವೇಷ ಎಲ್ಲ ಕಲಾಭವನದವರದೇ. ಹಬ್ಬ ಬಂತು ಅಂದರೆ ನೆಲದ ಮೇಲೆ ಅಲ್ಪನಾ ಬರೆಯಬೇಕು. ಅದು ನಮ್ಮ ರಂಗೋಲಿಯ ಹಾಗೆ, ಬಂಗಾಳದ ಹೆಂಗಸರು ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳಿಂದ ಬರೆಯುವ ಚಿತ್ತಾರ. ಪಕ್ಕದ ಶ್ರೀನಿಕೇತನದಲ್ಲಿ 1922ರಿಂದ ಗ್ರಾಮೋದ್ಧಾರದ ಕೆಲಸ ನಡೆದಿತ್ತು. ನೇಯ್ಗೆ, ಬಾಟಿಕ್, ಚರ್ಮದ ಕೆಲಸ, ಮರಗೆಲಸ ಅಲ್ಲಿ ಬೆಳೆದವು. ಕಲಾಭವನದ ವಿನ್ಯಾಸಗಳು ಆ ಕಡೆ ಹೋಗುತ್ತಿದ್ದವು, ಹಳ್ಳಿಯ ಕೈಕೆಲಸದ ಬುದ್ಧಿ ಈ ಕಡೆ ಬರುತ್ತಿತ್ತು. ಶ್ರೀನಿಕೇತನದ ಹಲಕರ್ಷಣ ಹಬ್ಬಕ್ಕೆ, ಅಂದರೆ ನೇಗಿಲ ಹಬ್ಬಕ್ಕೆ, ನಂದಲಾಲರೇ ಅಲ್ಲಿ ಗೋಡೆಚಿತ್ರ ಬರೆದಿದ್ದಾರೆ. ಚಿತ್ರಕಾರರೂ ಕೈಕೆಲಸದವರೂ ಸೇರಿ ದುಡಿದು ಬದುಕಲಿ ಅಂತ ಕಾರುಸಂಘ ಎಂಬ ಗುಂಪನ್ನೂ ಕಟ್ಟಿದರು.

ಇನ್ನೊಂದು ವಿಷಯ. ಮೇಷ್ಟ್ರ ಜೇಬಿನಲ್ಲಿ ಯಾವಾಗಲೂ ಖಾಲಿ ಕಾರ್ಡುಗಳು ಇರುತ್ತಿದ್ದವಂತೆ. ಕಂಡ ಆಡು, ಕಂಡ ಮರ, ನಡೆದು ಹೋಗುವ ಸಂತಾಲ ಹೆಂಗಸು, ಎಲ್ಲವನ್ನೂ ನಾಲ್ಕು ಗೆರೆಯಲ್ಲಿ ಹಿಡಿದು ಶಿಷ್ಯರಿಗೆ, ಗೆಳೆಯರಿಗೆ ಪೋಸ್ಟ್ ಮಾಡಿಬಿಡುತ್ತಿದ್ದರು. ಹೀಗೆ ಬರೆದ ಕಾರ್ಡುಗಳು ಲೆಕ್ಕಕ್ಕೆ ಸಿಗದಷ್ಟು. ದಿನಾ ನೋಡುವುದು, ದಿನಾ ಬರೆಯುವುದು. ಕೈ ತುಕ್ಕು ಹಿಡಿಯಲು ಅವರು ಬಿಡಲೇ ಇಲ್ಲ.

1930 ಅವರ ಪಾಲಿಗೆ ದೊಡ್ಡ ವರ್ಷ. ಮಕ್ಕಳಿಗೆ ಬಂಗಾಳಿ ಅಕ್ಷರ ಕಲಿಸುವ ರವೀಂದ್ರರ ಸಹಜ ಪಾಠ್ ಪುಸ್ತಕ ಅವರ ಚಿತ್ರಗಳ ಜೊತೆ ಬಂತು. ಅದೇ ವರ್ಷ ಗಾಂಧೀಜಿ ದಂಡಿಗೆ ನಡೆದರು. ನಂದಲಾಲರು ಒಂದು ಲಿನೋ ಹಾಳೆ ಕೆತ್ತಿದರು: ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೋಲು ಹಿಡಿದು ಮುಂದಕ್ಕೆ ಬಾಗಿ ನಡೆಯುತ್ತಿರುವ ಮುದುಕ. ಬೇರೇನೂ ಇಲ್ಲ. ಒಂದು ಸಲ ಕೆತ್ತಿದರೆ ಎಷ್ಟು ಪ್ರತಿ ಬೇಕಾದರೂ ಒತ್ತಬಹುದು, ಖರ್ಚೂ ಕಡಿಮೆ. ಇವತ್ತಿಗೂ ಗಾಂಧಿ ಅಂದಾಗ ನಮ್ಮ ಕಣ್ಣ ಮುಂದೆ ಬರುವ ರೂಪಗಳಲ್ಲಿ ಅದೂ ಒಂದು.

ಗಾಂಧೀಜಿ ಕೊಟ್ಟ ಪ್ರಾಜೆಕ್ಟ್

ಗಾಂಧೀಜಿಗೆ ಕಲೆ ಬಗ್ಗೆ ಆಸಕ್ತಿ ಇರಲಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ 1936ರ ಲಖನೌ ಕಾಂಗ್ರೆಸ್ ಅಧಿವೇಶನದಲ್ಲಿ ಭಾರತೀಯ ಕಲೆಯ ಪ್ರದರ್ಶನ ಏರ್ಪಡಿಸಲು ನಂದಲಾಲರನ್ನು ಕರೆಸಿದವರು ಅವರೇ. ಅದೇ ವರ್ಷ ಡಿಸೆಂಬರಿನಲ್ಲಿ ಮುಂದಿನ ಅಧಿವೇಶನ ಮಹಾರಾಷ್ಟ್ರದ ಖಾನದೇಶದ ಫೈಜ್‌ಪುರದಲ್ಲಿ. ಕಾಂಗ್ರೆಸ್ ಮೊದಲ ಬಾರಿಗೆ ಊರು ಬಿಟ್ಟು ಹಳ್ಳಿಗೆ ಬಂದಿತ್ತು. ಆ ಇಡೀ ಬಿಡಾರದ ವಿನ್ಯಾಸದ ಹೊಣೆ ನಂದಲಾಲರ ಹೆಗಲಿಗೆ ಬಿತ್ತು.

ಅವರು ಹಿಂಜರಿದರು. ನಾನು ಚಿತ್ರಕಾರ, ಕಟ್ಟಡದ ಕೆಲಸ ನನಗೆ ಗೊತ್ತಿಲ್ಲ ಅನ್ನುವುದು ಅವರ ಅಳುಕು. ಪರಿಣತಿಗಿಂತ ಮನಸ್ಸಿಟ್ಟು ಮಾಡುವವರು ಬೇಕು ಅನ್ನುವುದು ಗಾಂಧೀಜಿಯ ನಿಲುವು. ಷರತ್ತು ಕಟ್ಟುನಿಟ್ಟು: ಹಳ್ಳಿಯಲ್ಲೇ ಸಿಗುವ ಸಾಮಾನು, ಹಳ್ಳಿಯವರದೇ ಕೈಕೆಲಸ, ಕಡಿಮೆ ಖರ್ಚು. ನಂದಲಾಲರು ಬಿದಿರು, ಹುಲ್ಲು, ಖಾದಿ ಇಟ್ಟುಕೊಂಡು ಕೆಲಸಕ್ಕಿಳಿದರು. ಬಿಡಾರ ಎದ್ದು ನಿಂತ ಮೇಲೆ ಗಾಂಧೀಜಿ ತುಂಬಿದ ಸಭೆಯಲ್ಲೇ ಅವರ ಕೆಲಸವನ್ನು ಮೆಚ್ಚಿ ಮಾತಾಡಿದರು.

ಅದರ ಮುಂದಿನದೇ ಹರಿಪುರಾ. ಗುಜರಾತಿನ ಬಾರ್ಡೋಲಿ ಹತ್ತಿರ, ತಾಪಿ ನದಿಯ ಕಡೆಯ ಹಳ್ಳಿ. 1938ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನ 51ನೇ ಅಧಿವೇಶನ. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ತೀರಿಕೊಂಡಿದ್ದ ನಾಯಕ ವಿಠ್ಠಲಭಾಯಿ ಪಟೇಲರ ನೆನಪಿಗೆ ಬಿಡಾರಕ್ಕೆ ವಿಠ್ಠಲನಗರ ಅಂತ ಹೆಸರು. ಅಧ್ಯಕ್ಷರ ಮೆರವಣಿಗೆಗೆ 51 ಎತ್ತು ಹೂಡಿದ ರಥ. ಜನ ಸಾವಿರಗಟ್ಟಲೆ ಬರುವವರಿದ್ದರು. ಅವರಲ್ಲಿ ಎಷ್ಟೋ ಮಂದಿ ಸುತ್ತಲಿನ ಹಳ್ಳಿಯ ರೈತರು, ಕೂಲಿಗಳು. ಅವರ್ಯಾರೂ ಟಿಕೆಟ್ ತಗೊಂಡು ಕಲಾ ಪ್ರದರ್ಶನ ನೋಡುವವರಲ್ಲ. ಹಾಗಾದರೆ ಪ್ರದರ್ಶನವೇ ಅವರು ನಡೆಯುವ ದಾರಿಗೆ ಬರಬೇಕು. ಬಾಗಿಲುಗಳಲ್ಲಿ, ಡೇರೆಗಳ ಮುಂದೆ, ಓಡಾಡುವ ಹಾದಿಯುದ್ದಕ್ಕೂ ಚಿತ್ರ ಇರಬೇಕು. ಇದು ನಂದಲಾಲರ ಮುಂದಿದ್ದ ಕೆಲಸ.

ಈಗ ಇದನ್ನು ನಮ್ಮ ಭಾಷೆಯಲ್ಲಿ ನೋಡೋಣ, ಇಂಜಿನಿಯರಿಂಗ್ ಪ್ರಾಬ್ಲಂ ಥರ. ಬೇಕಾದ್ದು ನೂರಾರು ಚಿತ್ರ. ಸಮಯ ಕಡಿಮೆ, ದುಡ್ಡು ಕಡಿಮೆ. ಬಯಲಲ್ಲಿ ಬಿಸಿಲು, ಧೂಳು. ನೋಡುವವರು ನಿಂತು ನೋಡಲ್ಲ, ನಡೆಯುತ್ತಾ ನೋಡ್ತಾರೆ, ಅದೂ ದೂರದಿಂದ. ಹೆಚ್ಚಿನವರಿಗೆ ಓದಲು ಬರದು, ಹಾಗಾಗಿ ಅಕ್ಷರ ನಂಬಿ ಕೂರುವ ಹಾಗಿಲ್ಲ. ಬರೆಯುವ ಕೈಗಳು ಹಲವಾರು, ಆದರೆ ಕಣ್ಣಿಗೆ ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ ಕಾಣಬೇಕು.

ಅವರು ಕಂಡುಕೊಂಡ ದಾರಿ ಇದು. ಕೈಯಿಂದ ಮಾಡಿದ ಕಾಗದ, ಅದಕ್ಕೆ ಹಿಂದೆ ಹುಲ್ಲಿನ ರಟ್ಟಿನ ಆಸರೆ. ಬಣ್ಣ ಬಹುತೇಕ ಮಣ್ಣಿನದು: ಕಾವಿ, ಹಳದಿ, ಬಿಳಿ, ಕಪ್ಪು, ನಡುನಡುವೆ ಹಸಿರು, ನೀಲಿ. ಗಾತ್ರ ಹೆಚ್ಚು ಕಡಿಮೆ ಎರಡು ಅಡಿ. ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ, ಹಾಳೆ ತುಂಬ. ಹಿಂದೆ ಗುಡ್ಡ ಬೆಟ್ಟ ಏನೂ ಇಲ್ಲ, ಬರೀ ಬಣ್ಣದ ಬಯಲು. ಮೇಲೆ ಕಮಾನು, ನಮ್ಮ ಹಳೇ ಮನೆಗಳ ಗೋಡೆಯ ಗೂಡಿನ ಥರ. ಗೆರೆ ದಪ್ಪ, ಒಂದೇ ಬೀಸಿನಲ್ಲಿ ಎಳೆದದ್ದು. ಅಜಂತಾದ ಗುಹೆಯಲ್ಲಿ ಕಲಿತ ಬಳುಕು ಆ ಗೆರೆಯಲ್ಲಿದೆ, ಬಂಗಾಳದ ಜಾತ್ರೆಗಳಲ್ಲಿ ಪಟ ಬರೆದು ಮಾರುವವರ ಚುರುಕೂ ಇದೆ. ಕಮಾನು, ಬಣ್ಣ, ಗೆರೆ ಇಷ್ಟು ನಿಯಮ ಗಟ್ಟಿಯಾದ ಮೇಲೆ ಒಳಗೆ ಯಾರು ಬಂದರೂ ಸರಿ, ಯಾರ ಕೈ ಬರೆದರೂ ಸರಿ, ಹರಿಪುರಾದ ಚಿತ್ರ ಅಂತ ಗುರುತು ಸಿಗುತ್ತೆ. ಇವತ್ತು ದೊಡ್ಡ ಕಂಪನಿಗಳು ಡಿಸೈನ್ ಸಿಸ್ಟಂ ಅಂತ ದಪ್ಪ ಪುಸ್ತಕ ಮಾಡಿಸುತ್ತವಲ್ಲ, ಇದು ಅದೇ. ಪುಸ್ತಕ ಮಾತ್ರ ಇರಲಿಲ್ಲ.

ಒಟ್ಟು ಸುಮಾರು 400 ಚಿತ್ರಗಳಾದವು. 80ಕ್ಕೂ ಹೆಚ್ಚು ನಂದಲಾಲರೇ ಬರೆದದ್ದು. ಅವನ್ನು ಮುಂದಿಟ್ಟುಕೊಂಡು ಉಳಿದವನ್ನು ಬರೆದದ್ದು ಕಲಾಭವನದ ಶಿಷ್ಯರು.

ಆ ಕಮಾನುಗಳ ಕೆಳಗೆ ಯಾರಿದ್ದರು ಗೊತ್ತಾ? ಇಡೀ ದೇಶದ ರಾಜಕೀಯ ನಾಯಕರು ಸೇರುವ ಜಾಗ ಅದು. ನಮ್ಮ ಕಡೆ ಸಣ್ಣದೊಂದು ಸಭೆ ಆದರೂ ಸರ್ಕಲ್ ತುಂಬ ಯಾರ ಮುಖದ ಫ್ಲೆಕ್ಸ್ ಕಟ್ಟುತ್ತಾರೆ ಅಂತ ನಿಮಗೇ ಗೊತ್ತು. ಹರಿಪುರಾದಲ್ಲಿ ಆ ಕಮಾನುಗಳ ಕೆಳಗೆ ಬಂದು ನಿಂತವರು ಬಡಗಿ, ಕಮ್ಮಾರ, ಚಮ್ಮಾರ, ದರ್ಜಿ. ಹತ್ತಿ ಹಿಂಜುವವನು. ನೂಲುವ ಹೆಂಗಸು, ಧಾನ್ಯ ಕುಟ್ಟುವ ಹೆಂಗಸು, ಒಲೆ ಮುಂದೆ ಕೂತ ಹೆಂಗಸು. ಡೋಲು ಬಾರಿಸುವವನು, ಹಾಡುವವನು, ಕುಸ್ತಿ ಆಡುವವರು, ಗೂಳಿ ಹಿಡಿದವನು, ಬೇಟೆಯವನು. ಹಳ್ಳಿಯವರನ್ನು ಹತ್ತಿರದಿಂದ ನೋಡಿ ಬರೆದುಕೊಂಡ ಎಷ್ಟೋ ಸ್ಕೆಚ್ಚುಗಳು ಈ ಚಿತ್ರಗಳ ಬೆನ್ನ ಹಿಂದಿವೆ. ಹಾಗಾಗಿ ಬಾಚಿ ಹಿಡಿದವನ ತೋಳು ಎಲ್ಲಿ ಬಿಗಿಯುತ್ತೆ, ಒನಕೆ ಎತ್ತಿದವಳ ಸೊಂಟ ಎಷ್ಟು ತಿರುಗುತ್ತೆ ಅನ್ನುವುದು ಆ ಗೆರೆಗಳಿಗೆ ಗೊತ್ತು. ಯಾರನ್ನೂ ಪಾಪ ಅನ್ನಿಸುವ ಹಾಗೆ ಬರೆದಿಲ್ಲ. ಕೆಲಸದಲ್ಲಿ ಮುಳುಗಿದವರನ್ನು ಆ ಕೆಲಸದ ಗತ್ತಿನಲ್ಲೇ ಬರೆದಿದ್ದಾರೆ.

ನಮಗೆ ಕಂಡದ್ದು ಇಷ್ಟು. ಗುರುತು ಅಂದರೆ ಮೇಲಿಂದ ಅಂಟಿಸುವ ಚೀಟಿ ಅಲ್ಲ. ಅಲ್ಲಿ ಕೆಲಸ ಮಾಡುವವರು ಯಾರು, ಅವರ ಕೈಯಲ್ಲಿರುವ ವಸ್ತು ಯಾವುದು, ಅದನ್ನು ಹಿಡಿಯುವ ರೀತಿ ಯಾವುದು, ಅದರಿಂದಲೇ ಗುರುತು ಹುಟ್ಟಬೇಕು. ಹರಿಪುರಾಕ್ಕೆ ನಡೆದು ಬಂದ ಬಡಗಿಯೊಬ್ಬ ಬಾಗಿಲಲ್ಲಿ ತಲೆ ಎತ್ತಿದರೆ ಕಾಣುತ್ತಿದ್ದದ್ದು ಇನ್ನೊಬ್ಬ ಬಡಗಿ. ಈ ಜಾಗ ನಿನ್ನದೂ ಹೌದು ಅಂತ ಅವನಿಗೆ ಹೇಳಲು ಅಕ್ಷರವೇ ಬೇಕಾಗಿರಲಿಲ್ಲ.

ಒಂದು ವಾರದ ಚಿತ್ರ, ಒಂದು ದೇಶದ ಪುಸ್ತಕ

ಹರಿಪುರಾದ ಚಿತ್ರಗಳು ಬಾಳಿಕೆಗೆ ಅಂತ ಬರೆದವಲ್ಲ. ಅಧಿವೇಶನ ಮುಗಿಯುವವರೆಗೆ ಬಿಸಿಲಿಗೆ ನಿಂತರೆ ಸಾಕಿತ್ತು. ಆದರೂ ಉಳಿದವು. ನಂದಲಾಲರ ಕೈಯ ಬಹಳಷ್ಟು ಮೂಲ ಚಿತ್ರಗಳು ಈಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. 2019ರಲ್ಲಿ ವೆನಿಸ್ ಬಿನಾಲೆಯ ಭಾರತದ ಮಂಟಪದಲ್ಲೂ ಅವನ್ನು ತೂಗುಹಾಕಿದ್ದರು. 1976ರಲ್ಲಿ ಅವರ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತು ಅಂತ ಸಾರಿದ್ದರಿಂದ ಅವನ್ನು ಮಾರಾಟಕ್ಕೆ ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಹಳ್ಳಿಯ ದಾರಿಬದಿಗೆ ಅಂತ ಅಗ್ಗದ ಕಾಗದದ ಮೇಲೆ ಬರೆದದ್ದು ಇಲ್ಲಿಗೆ ಬಂದು ನಿಂತಿದೆ.

ಹರಿಪುರಾದ ಬುದ್ಧಿ ಅವರ ಕೊನೆಯ ದೊಡ್ಡ ಕೆಲಸದಲ್ಲೂ ಇದೆ. ಸಂವಿಧಾನದ ಮೂಲ ಪ್ರತಿಯನ್ನು ಅಚ್ಚು ಹಾಕದೆ ಕೈಯಲ್ಲೇ ಬರೆಯಿಸಿದರು. ಇಂಗ್ಲಿಷ್ ಪ್ರತಿಯ ಅಕ್ಷರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರದು, ಅಲಂಕಾರ ನಂದಲಾಲ್ ಮತ್ತು ಶಿಷ್ಯರದು. 22 ಭಾಗಗಳಿಗೆ 22 ಚಿತ್ರ. ಮೊಹೆಂಜೊದಾರೋ ಮುದ್ರೆಯ ಗೂಳಿಯಿಂದ ಶುರುವಾಗಿ ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗಾಂಧಿ, ನೇತಾಜಿ, ಕೊನೆಗೆ ಹಿಮಾಲಯ, ಮರಳುಗಾಡು, ಕಡಲು. ನಮ್ಮ ಟಿಪ್ಪು ಸುಲ್ತಾನ್ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಜೊತೆ ಒಂದೇ ಪುಟದಲ್ಲಿದ್ದಾನೆ. ಪೀಠಿಕೆಯ ಪುಟದ ಅಂಚನ್ನು ಬರೆದವರು ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ. ಸಾರನಾಥದ ಸಿಂಹಗಳನ್ನು ಬರೆಯುವ ಕೆಲಸ ಇನ್ನೂ ಹುಡುಗನಾಗಿದ್ದ ದೀನಾನಾಥ ಭಾರ್ಗವರಿಗೆ ಬಂತು. ಅವರು ಕಲ್ಕತ್ತೆಯ ಮೃಗಾಲಯಕ್ಕೆ ಮತ್ತೆ ಮತ್ತೆ ಹೋಗಿ ನಿಜವಾದ ಸಿಂಹ ಹೇಗೆ ಕೂರುತ್ತೆ, ಹೇಗೆ ನೋಡುತ್ತೆ ಅಂತ ಗಮನಿಸಿದರು ಅನ್ನುವುದನ್ನು ಅವರ ಮನೆಯವರು ನೆನಪಿಸಿಕೊಂಡಿದ್ದಾರೆ. ಕಲ್ಲಿನ ಸಿಂಹ ಬರೆಯಲೂ ಮೊದಲು ಹೋಗಿ ಜೀವಂತ ಸಿಂಹ ನೋಡಬೇಕು. ಮೇಷ್ಟ್ರ ಪಾಠವೇ ಹಾಗೆ.

ಆ ಪಾಠ ಎಲ್ಲೆಲ್ಲಿಗೋ ಹರಿಯಿತು. ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್, ಕೆ. ಜಿ. ಸುಬ್ರಹ್ಮಣ್ಯನ್ ಅವರ ಶಿಷ್ಯರು. 1940ರ ಸುಮಾರಿಗೆ ಬಂದು ಎರಡು ವರ್ಷ ಇದ್ದು, ಕೋರ್ಸ್ ಮುಗಿಸದೇ ಹೋದ ಒಬ್ಬ ಹುಡುಗ ಆಮೇಲೆ ಜಾಹೀರಾತು ಕಂಪನಿ ಸೇರಿ, ಪುಸ್ತಕಗಳ ಮುಖಪುಟ ಮಾಡಿ, ಅಕ್ಷರ ವಿನ್ಯಾಸ ಮಾಡಿ, ಕೊನೆಗೆ ಸಿನಿಮಾ ಮಾಡಿದ. ಅವರೇ ಸತ್ಯಜಿತ್ ರಾಯ್.

1954ರಲ್ಲಿ ನಂದಲಾಲರಿಗೆ ಪದ್ಮವಿಭೂಷಣ ಬಂತು. 1966ರ ಏಪ್ರಿಲ್ 16ರಂದು ತೀರಿಕೊಂಡರು. ಎಫ್.ಎ. ಪಾಸಾಗದ ಹುಡುಗ ಒಂದು ದೇಶಕ್ಕೆ ತನ್ನ ಮುಖ ತಾನೇ ಕಾಣುವ ಹಾಗೆ ಮಾಡಿ ಹೋದ.

ನಮ್ಮ ಬುಟ್ಟಿಯ ಕಥೆ

ಇದನ್ನೆಲ್ಲ ಓದಿದ ಮೇಲೆ ನಾವು ಮೊದಲು ಮಾಡಿದ ಕೆಲಸ, ಆ ಎಲೆ ಮತ್ತು ವೃತ್ತದ ಫೈಲನ್ನು ಅಳಿಸಿದ್ದು. ಎರಡನೆಯದು, ಮತ್ತೆ ಆ ಊರಿಗೆ ಹೋಗಿದ್ದು. ಈ ಸಲ ಪ್ರಿಂಟ್ ಒಯ್ಯಲಿಲ್ಲ, ಅರ್ಧ ದಿನ ಸುಮ್ಮನೆ ಕೂತೆವು. ಬಿದಿರು ಸೀಳಿ ದಬ್ಬೆ ಮಾಡುವಾಗ ಬರುವ ಸದ್ದು, ಹೊರಸಿಪ್ಪೆಯ ಹಸಿರು, ಒಳಗಿನ ತೆಳು ಹಳದಿ, ಬುಟ್ಟಿಯ ಬುಡದಲ್ಲಿ ದಬ್ಬೆಗಳು ಒಂದರ ಮೇಲೊಂದು ಹಾಯ್ದು ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುವುದು, ಅಂಚು ಕಟ್ಟುವಾಗ ಕಾಲ್ಬೆರಳಲ್ಲಿ ಹಿಡಿದುಕೊಳ್ಳುವುದು. ಎಲ್ಲ ಅಲ್ಲೇ ಇತ್ತು. ನಮ್ಮಲ್ಲಿ ಚಿತ್ರ ಬರೆಯಲು ಬರುವವರು ಇಬ್ಬರೇ. ಆದರೂ ಎಲ್ಲರೂ ಬರೆದೆವು. ಕೆಟ್ಟದಾಗೇ ಬರೆದೆವು. ಆ ಹಿರಿಯಮ್ಮ ನಮ್ಮ ಪುಸ್ತಕ ಇಸಕೊಂಡು ಒಂದು ಹೆಣಿಗೆ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಿದರು. ಸೋಪಿನ ಮಾತು ಬರಲಿಲ್ಲ.

ಲೋಗೋ ಇನ್ನೂ ಆಗಿಲ್ಲ. ಬುಟ್ಟಿಯ ಬುಡದ ಆ ಹೆಣಿಗೆಯೇ ನಮ್ಮ ಕಮಾನು ಆಗಬಹುದೇನೋ ಅಂತ ಅಂದುಕೊಂಡಿದ್ದೇವೆ. ಬರುವ ಭಾನುವಾರ ಬೆಳಗ್ಗೆ 7ಕ್ಕೆ ಮತ್ತೆ ಹೊರಡುತ್ತೇವೆ, ಯಾವ ಬ್ರಾಂಚಿನವರಾದರೂ ಬರಬಹುದು. ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ತನ್ನಿ. ಲ್ಯಾಪ್‌ಟಾಪ್ ರೂಮಲ್ಲೇ ಇರಲಿ.